ಬೇಣದ ಬಾಣಂತಿ

ನಮ್ಮ ಮನೆಯ ಜಗಲಿ ಕಂಬದಲ್ಲಿ ಕಾಡುಹಂದಿಯ ಎರಡು ಕೋರೆಗಳಿದ್ದವು. ಬೇರೆಯವರ ಜಗಲಿಯಲ್ಲಿ ದೇವರ ಪಟವೋ ಸತ್ತ ಹಿರಿಯರ ಫೋಟೋವೋ ಇರುತ್ತಿತ್ತು. ನಮ್ಮಲ್ಲಿ ಬಂದವರನ್ನು ಮೊದಲು ಎದುರುಗೊಳ್ಳುತ್ತಿದ್ದದ್ದು ಈ ಕೋರೆಗಳೇ. ಅಜ್ಜ ತನ್ನ ಕಾಲದಲ್ಲಿ ಹೊಡೆದ ಒಂಟಿ ಹಂದಿಯದಂತೆ. ಅಪ್ಪ ಕಂಬಕ್ಕೆ ತೂತು ಕೊರೆದು ಅವನ್ನು ಬಿಗಿದು ಗೂಟ ಮಾಡಿಕೊಂಡಿದ್ದ. ಒಂದಕ್ಕೆ ಭಟ್ಕಳ ಪೇಟೆಯಿಂದ ತಂದ ಕೊಡೆ, ಇನ್ನೊಂದಕ್ಕೆ ಹುಲ್ಲು ಕೊಯ್ಯುವ ಕತ್ತಿ. ಕೋಡಿನ ಹಿಡಿಯ ಆ ಕತ್ತಿಯ ಮೇಲೆ ಅಪ್ಪನಿಗೆ ವಿಪರೀತ ಪ್ರೀತಿ. ಕೆಲಸ ಮುಗಿದ ಮೇಲೆ ಅದು ಕೋರೆಗೇ ಹೋಗಬೇಕು, ಬೇರೆಲ್ಲೂ ಇಡುವಂತಿಲ್ಲ. ನಾನು ಮೋಟು ಹುಡುಗಿ. ಕೋರೆಯ ತುದಿ ಮುಟ್ಟಲು ತುದಿಗಾಲಿನಲ್ಲಿ ನಿಲ್ಲಬೇಕಿತ್ತು. ದಿನಕ್ಕೊಮ್ಮೆಯಾದರೂ ಮುಟ್ಟದೆ ಶಾಲೆಗೆ ಹೋದವಳಲ್ಲ.

ಮನೆಯ ಮುಂದೆ ಗಜನಿ, ಹಿಂದೆ ಬೇಣ. ಗಜನಿ ಎಂದರೆ ಅಘನಾಶಿನಿಯ ಉಪ್ಪುನೀರು ಹತ್ತಿ ಇಳಿಯುವ ಗದ್ದೆ. ಆ ಚೌಳು ನೀರಿನಲ್ಲೂ ತಲೆ ಎತ್ತಿ ನಿಲ್ಲುವ ಕಗ್ಗ ಎಂಬ ಕೆಂಪು ಭತ್ತವೇ ನಮ್ಮ ವರ್ಷದ ಊಟ. ಬೇಣ ಎಂದರೆ ಗುಡ್ಡದ ಇಳಿಜಾರಿನಲ್ಲಿ ಎದೆಮಟ್ಟ ಬೆಳೆಯುವ ಕರಡದ ಹುಲ್ಲುಗಾವಲು. ಅದು ದನಗಳ ಊಟ, ನಮ್ಮ ಮಾಡಿನ ಹೊದಿಕೆ. ನಡುವೆ ಮನೆ: ಜಗಲಿ, ನಡುಮನೆ, ಬಲಕ್ಕೆ ಅಡುಗೆಮನೆ, ಎಡಕ್ಕೆ ಕಿಟಕಿಯೇ ಇಲ್ಲದ ಒಂದು ಕೋಣೆ. ಕತ್ತಲೆಕೋಣೆ ಎಂದೇ ಅದರ ಹೆಸರು. ಹೆರಿಗೆಯಾಗುತ್ತಿದ್ದದ್ದು ಅಲ್ಲಿ. ನನ್ನ ನಂತರ ಅಲ್ಲಿ ಇಬ್ಬರು ಹುಟ್ಟಿದರು. ಒಬ್ಬ ಅಳಲೇ ಇಲ್ಲ. ಇನ್ನೊಬ್ಬಳು ಮೂರು ದಿನ ಅತ್ತು ಸುಮ್ಮನಾದಳು. ನಾಲ್ಕನೆಯ ತರಗತಿಗೆ ಹೋಗುತ್ತಿದ್ದ ನಾನು ಆ ಕೋಣೆಯ ಬಾಗಿಲ ಮುಂದೆ ಬಂದಾಗಲೆಲ್ಲ ಓಡಿ ದಾಟುತ್ತಿದ್ದೆ. ಆ ವರ್ಷ ಅವ್ವಿ ಮತ್ತೆ ಬಸುರಿ.

ಹಂದಿಯ ವಿದ್ಯೆಯನ್ನು ನನಗೆ ಕಲಿಸಿದವನು ಬೀರಜ್ಜ. ನೆರೆಮನೆಯವನು, ಅಜ್ಜನ ಬೇಟೆಯ ಜೊತೆಗಾರ. ಮೊಣಕಾಲು ಕೈಕೊಟ್ಟ ಮೇಲೆ ನಮ್ಮ ಜಗಲಿಯಲ್ಲೇ ಎಲೆಯಡಿಕೆಯ ಕವಳ ಹಾಕುತ್ತ ದಿನ ಕಳೆಯುತ್ತಿದ್ದ. ಶಾಲೆಯ ಮಾಸ್ತರರು ವರ್ಷವಿಡೀ ಕಲಿಸಿದ್ದು ಮರೆತಿದೆ, ಬೀರಜ್ಜ ಹೇಳಿದ ಒಂದಕ್ಷರವೂ ಮರೆತಿಲ್ಲ. ಕೋರೆ ತೋರಿಸಿ ಹೇಳುತ್ತಿದ್ದ:

“ಮೇಲಿಂದು ಮಸೆಗಲ್ಲು, ಕೆಳಗಿಂದು ಕತ್ತಿ. ಬಾಯಿ ಮುಚ್ಚಿ ತೆಗ್ದಂಗೂ ಹರಿತ ಆಗ್ತೇ ಇರ್ತದೆ. ನಿನ್ನಪ್ಪಂಗೆ ಕತ್ತಿ ಮಸೂಕೆ ಕಲ್ಲು ಬೇಕು, ನೀರು ಬೇಕು, ಅರ್ಧ ದಿನ ಬೇಕು. ಹಂದಿಗೆ ಬಾಯಿ ಒಂದಿದ್ರೆ ಸಾಕು.”

ಗಂಡು ದೊಡ್ಡದಾದ ಮೇಲೆ ಹಿಂಡು ಬಿಟ್ಟು ಒಂಟಿಯಾಗುತ್ತದೆ. ಅದರ ಹೆಗಲ ತೊಗಲು ಎಷ್ಟು ದಪ್ಪವೆಂದರೆ ಬೇರೆ ಗಂಡಿನ ಕೋರೆ ತಾಗಿದರೂ ಒಳಗಿಳಿಯುವುದಿಲ್ಲ. ಹಿಂಡು ನಡೆಸುವುದು ಹೆಣ್ಣು. ಅಜ್ಜಿ, ಅವಳ ಮಕ್ಕಳು, ಮೊಮ್ಮಕ್ಕಳು, ಎಲ್ಲ ಹೆಂಗಸರದ್ದೇ ರಾಜ್ಯ. ಕೆಸರಿನಲ್ಲಿ ಹೊರಳುವುದು ಕೊಳಕುತನದಿಂದಲ್ಲ, ಹಂದಿಗೆ ಬೆವರಿಲ್ಲ, ಸೆಕೆಗೆ ಅದೇ ಸ್ನಾನ. ಆಮೇಲೆ ಮರಕ್ಕೆ ಮೈ ಉಜ್ಜಿ ಉಣ್ಣೆಹುಳ ಉದುರಿಸಿಕೊಳ್ಳುತ್ತದೆ. ಮರದ ಮೇಲಿನ ಕೆಸರು ನಿನ್ನ ಸೊಂಟಕ್ಕೆ ಬಂದರೆ ಹಂದಿ ದೊಡ್ಡದು, ಎದೆಗೆ ಬಂದರೆ ಮನೆಗೆ ನಡೆ. ಮೊಳ ಆಳದ ಗೆಡ್ಡೆಯನ್ನು ಮೂಗಿನಿಂದಲೇ ಕಂಡುಹಿಡಿಯುತ್ತದೆ. ಭೂಮಿಯನ್ನು ಕೋರೆಯ ಮೇಲೆತ್ತಿದ ವರಾಹನ ಕಥೆಯನ್ನು ನನ್ನಜ್ಜಿ ಹೇಳುತ್ತಿದ್ದಳು. ಬೆಳಿಗ್ಗೆ ಎದ್ದು ಹಂದಿ ಬಗೆದುಹಾಕಿದ ನಮ್ಮ ಗೆಣಸಿನ ಸಾಲು ನೋಡಿದರೆ ಅದು ಕಥೆ ಎಂದು ನನಗೆ ಅನಿಸುತ್ತಲೇ ಇರಲಿಲ್ಲ. ಬೀರಜ್ಜ ಕೊನೆಗೆ ಯಾವಾಗಲೂ ಒಂದು ಮಾತು ಸೇರಿಸುತ್ತಿದ್ದ:

“ಹಂದಿಗೆ ಮೂಗೇ ಕಣ್ಣು. ಕಣ್ಣು ಅಂತ ಇದ್ರೂ ಅಷ್ಟಕ್ಕಷ್ಟೆ. ಗಾಳಿ ಅದ್ರ ಬದಿಯಿಂದ ನಿನ್ ಬದಿಗೆ ಬತ್ತಾ ಇದ್ರೆ, ಅಲುಗದೆ ನಿಂತ್ಕ. ಅದ್ಕೆ ನೀನೂ ಒಂದು ಮರವೇಯ.”

ಆ ವರ್ಷ ಕಗ್ಗ ಚೆನ್ನಾಗಿ ಬಂದಿತ್ತು. ತೆನೆ ಹಾಲುಗಟ್ಟುವ ಹೊತ್ತಿಗೆ ಹಿಂಡು ಇಳಿಯಿತು. ತಿಂದದ್ದಕ್ಕಿಂತ ತುಳಿದದ್ದು ಹೆಚ್ಚು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತಿನ ಅರ್ಥ ನಾನು ತಿಳಿದದ್ದು ಆ ಗದ್ದೆಯ ಅಂಚಿನಲ್ಲಿ ನಿಂತು. ಅಪ್ಪ ಗಜನಿಯ ಕಟ್ಟೆಯ ಮೇಲೆ ಕಾವಲಿನ ಮಾಳ ಕಟ್ಟಿಕೊಂಡು, ಮುಂಬಯಿ ಸರ್ಕಾರದ ಕಾಲದ ಲೈಸೆನ್ಸಿನ ಕೇಪಿನ ಕೋವಿ ಹಿಡಿದು ಕೂತ. ಬೆಳಕು ಹರಿಯುವಾಗ ಅವನಿಗೆ ಕಷಾಯ ಒಯ್ಯುವ ಕೆಲಸ ನನ್ನದು.

ಹಾಗೆ ಹೋದ ಒಂದು ಬೆಳಿಗ್ಗೆ ಅಪ್ಪ ನನ್ನನ್ನು ನೋಡಿ ಬಾಯಿಯ ಮೇಲೆ ಬೆರಳಿಟ್ಟ. ಹೊಳೆಯಲ್ಲಿ ಸಮುದ್ರದ ಭರತ ತುಂಬಿತ್ತು. ಆಚೆ ದಡದ ಉಪ್ಪುನೀರಿನ ಕಾಂಡ್ಲಾ ಗಿಡಗಳ ಕಡೆಗೆ ನೀರಿನ ಮೇಲೆ ಏನೋ ಸಾಲಾಗಿ ಹೋಗುತ್ತಿತ್ತು. ತೇಲುವ ಮರದ ಕುಂಟೆ ಎಂದುಕೊಂಡೆ. ಕುಂಟೆಗಳಿಗೆ ಕಿವಿ ಇರುವುದಿಲ್ಲವಲ್ಲ! ಹಂದಿಗಳು ಈಜುತ್ತಿದ್ದವು. ಮೂತಿಯೂ ಕಿವಿಯೂ ಮಾತ್ರ ಮೇಲೆ, ಒಂದರ ಹಿಂದೆ ಒಂದು, ಚಿಕ್ಕವು ನಡುವೆ, ದೊಡ್ಡವು ಹಿಂದೆ ಮುಂದೆ. ಸೆಳವಿಗೆ ಸಾಲು ಬಾಗುತ್ತಿತ್ತು, ತುಂಡಾಗುತ್ತಿರಲಿಲ್ಲ. ಎಲ್ಲಕ್ಕಿಂತ ಮುಂದೆ ಇದ್ದವಳ ಎಡಗಿವಿ ಹರಿದು ಎರಡು ಸೀಳಾಗಿತ್ತು. ಅಷ್ಟು ದೊಡ್ಡ ನೀರಿನ ಮೇಲೆ ಅಷ್ಟು ಸದ್ದಿಲ್ಲದೆ ಹೋಗುವ ಒಂದು ಸಂಸಾರವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನಮ್ಮ ಅನ್ನ ತಿಂದು ಹೋಗುತ್ತಿರುವವರು ಎಂಬುದೇ ನನಗೆ ಮರೆತುಹೋಯಿತು. ಅಪ್ಪ ಕೋವಿ ಎತ್ತಿದ. ಕೇಪು ಚಟ್ಟೆಂದಿತು, ಮದ್ದು ಹತ್ತಲಿಲ್ಲ, ಇಬ್ಬನಿಗೆ ತೇವವಾಗಿತ್ತು. ಅಪ್ಪ ಬೈದುಕೊಂಡ. ನನಗೆ ಒಳಗೊಳಗೇ ಖುಷಿಯಾಯಿತು, ಆ ಖುಷಿಗೆ ನಾಚಿಕೆಯೂ ಆಯಿತು.

“ಹರಕಿವಿಯೇ ಯಜಮಾನ್ತಿ,” ಎಂದ ಅಪ್ಪ. “ಅವಳು ಬಿದ್ರೆ ಹಿಂಡು ದಿಕ್ಕೆಡ್ತದೆ. ಉಳಿದ ಅರ್ಧ ಗದ್ದೆ ಆದ್ರೂ ನಮ್ಗೆ ಸಿಗ್ತದೆ.”

ಆ ದಿನ ಮಧ್ಯಾಹ್ನ ಮನೆಯಲ್ಲಿ ಜಗಳ. ಬಳಚು ಚಿಪ್ಪಿಯ ಸುಕ್ಕವೂ ಹೊಸ ಅಕ್ಕಿಯ ಆಸೆಯಿಂದ ಹಳೆ ಅಕ್ಕಿಯನ್ನು ಧಾರಾಳವಾಗಿ ಸುರಿದು ಮಾಡಿದ ಅನ್ನವೂ ಎಲೆಯಲ್ಲಿ ತಣ್ಣಗಾಗುತ್ತಿದ್ದವು. ನಮ್ಮಲ್ಲಿ ಹೆಂಡತಿ ಬಸುರಿಯಾಗಿದ್ದಾಗ ಗಂಡ ಜೀವ ತೆಗೆಯುವಂತಿಲ್ಲ. ಕೋಳಿ ಕೊಯ್ಯುವಂತಿಲ್ಲ, ಕುಂಬಳಕಾಯಿ ಕಡಿಯುವಂತಿಲ್ಲ, ತೆಂಗಿನಕಾಯಿ ಒಡೆಯುವುದಕ್ಕೂ ನೆರೆಯವನನ್ನು ಕರೆಯಬೇಕು. ಅಪ್ಪ ಕೋವಿ ಹಿಡಿದು ಕೂತದ್ದೇ ಅಜ್ಜಿಗೆ ಸೇರಿರಲಿಲ್ಲ. ಕೇಪು ಹೊಡೆದ ಸುದ್ದಿ ಕೇಳಿ ಅವಳು ತಡೆದುಕೊಳ್ಳಲಿಲ್ಲ.

“ಹೆದ್ರಿಸುಕೆ ಅಂದೆ, ಸುಮ್ನಿದ್ದೆ. ಈಗ ಹೊಡೂಕೆ ಹೊರಟ್ಯಾ? ಕಾಯಿ ಒಡೂಕೆ ಸುದಾ ಆಗುದಿಲ್ಲ ನಿಂಗೆ. ಬಸ್ರಿ ಮನೆ ಇದು ಮಗಾ.”

ಅಪ್ಪ ತಲೆ ಎತ್ತಲಿಲ್ಲ. ಎಲೆಯನ್ನೇ ನೋಡುತ್ತ ಹೇಳಿದ:

“ಎರಡ್ ಸಲ ನೀ ಹೇಳ್ದಂಗೇ ಕೇಳ್ದೆ. ಕೋಳಿ ಕುತ್ತಿಗೆ ಸುದಾ ಮುಟ್ಲಿಲ್ಲ. ಎಂತ ಆತು? ಹೇಳು, ಎಂತ ಆತು?”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವಿಯ ಕೈ ತನ್ನಷ್ಟಕ್ಕೆ ಹೊಟ್ಟೆಯ ಮೇಲೆ ಹೋಯಿತು. ಅವಳು ಹೇಳಿದ್ದು ಒಂದೇ ಮಾತು: “ಈ ಸಲ ಒಂದ್ ಕೇಳಿ.” ಅಪ್ಪ ಕೈ ತೊಳೆದು ಎದ್ದ. ಆ ಮೇಲೆ ಕೆಲವು ದಿನ ಅಪ್ಪನೂ ಅವ್ವಿಯೂ ಮಾತಾಡಿಕೊಳ್ಳುತ್ತಿದ್ದದ್ದು ನನ್ನ ಮೂಲಕ. ಒಂದೇ ಮನೆಯೊಳಗೆ ಅಂಚೆಯಾಳು ಆಗುವುದು ಬಲು ಕಷ್ಟದ ಕೆಲಸ.

ದೀಪಾವಳಿ ಕಳೆದು ಕರಡ ಕೊಯ್ಯುವ ಕಾಲ ಬಂತು. ಆಗ ನಮ್ಮ ಕೇರಿಯಲ್ಲಿ ಒಂದು ರೂಢಿಯಿತ್ತು. ದಿನ ತುಂಬುತ್ತಿರುವ ಬಸುರಿಯನ್ನು ಬಗ್ಗಿ ಹುಲ್ಲು ಕೊಯ್ಯಲು ಬಿಡುತ್ತಿರಲಿಲ್ಲ. ಬೇಣಕ್ಕೆ ಹೋದ ಹೆಂಗಸರೆಲ್ಲ ತಲಾ ಒಂದೊಂದು ತೆಕ್ಕೆ ಕೊಯ್ದು ಅವಳ ಪಾಲಿಗೆಂದು ಬೇಣದಲ್ಲಿ ಒಂದು ಕಡೆ ಕುಪ್ಪೆ ಹಾಕಿ ಬರುತ್ತಿದ್ದರು. ಮನೆಯವರು ಹೋಗಿ ಹೊತ್ತು ತಂದರಾಯಿತು. ಯಾರೂ ಅದನ್ನು ಹೇಳಿ ತೋರಿಸುತ್ತಿರಲಿಲ್ಲ. ನಮ್ಮ ಪಾಲಿಗೆ ಕುಪ್ಪೆ ಹಾಕಿದ ದಿನ ಮೂರು ಗಂಟೆಯ ಹೊತ್ತಿಗೆ ಅಜ್ಜಿಗೆ ಸೊಂಟನೋವು, ಅಪ್ಪ ಕುಮಟೆಗೆ ಹೋಗಿದ್ದ. ಹೊರೆ ನಾನು ಹೊರುತ್ತೇನೆ, ಅವ್ವಿ ಕಟ್ಟಿ ತಲೆಗೆ ಏರಿಸಿದರೆ ಸಾಕು ಎಂದು ನಾವಿಬ್ಬರೇ ಹೊರಟೆವು. ಅವ್ವಿ ಕೋರೆಯ ಮೇಲಿದ್ದ ಅಪ್ಪನ ಕತ್ತಿಯನ್ನೂ ಒಂದು ಸುರುಳಿ ಹಗ್ಗವನ್ನೂ ತೆಗೆದುಕೊಂಡಳು.

ಬೇಣದ ಮೇಲಂಚಿನಲ್ಲಿ, ಕೌಲು ಮರದ ಪಕ್ಕ, ಕುಪ್ಪೆ ಕಂಡಿತು. ಎಷ್ಟು ದೊಡ್ಡದು! ಅವ್ವಿಗೆ ಕಣ್ಣು ತುಂಬಿ ಬಂತು. ಎರಡು ಸಲ ಕಳೆದುಕೊಂಡವಳೆಂದು ಕೇರಿಯವರು ಒಂದು ತೆಕ್ಕೆಯ ಬದಲು ಎರಡೆರಡು ಹಾಕಿದ್ದಾರೆ ಎಂದುಕೊಂಡಳು. ಹತ್ತಿರ ಹೋಗಿ ಕತ್ತಿ, ಹಗ್ಗ ನೆಲಕ್ಕಿಟ್ಟು, ಒಂದು ಹಿಡಿ ಎತ್ತಿ ನೋಡಿ ನಕ್ಕಳು. ಕರಡ ನೇರವಾಗಿ ಕೊಯ್ದದ್ದಲ್ಲ. ಜಗಿದ ಹಾಗೆ ಮೋಟುಮೋಟು, ಕೆಲವು ಬೇರು ಮಣ್ಣು ಸಮೇತ ಕಿತ್ತು ಬಂದವು.

“ದೇವಕ್ಕನ್ದೇ ಕೆಲ್ಸ. ಅವಳ ಕತ್ತಿ ಯಾವಾಗ್ಲೂ ಮೊಂಡು,” ಎಂದಳು.

ನೆರೆಮನೆಯ ದೇವಕ್ಕನ ಕತ್ತಿ ಊರಿಗೆಲ್ಲ ನಗೆಪಾಟಲು. ನಾನೂ ನಕ್ಕೆ. ಅವ್ವಿ ಎರಡೂ ತೋಳು ಚಾಚಿ ಮೇಲಿನ ತೆಕ್ಕೆ ಬಾಚಿ ಎತ್ತಿದಳು. ಬಾಚಿದ ಜಾಗದಿಂದ ಬಿಸಿ ಹಬೆ ನನ್ನ ಮುಖಕ್ಕೆ ಬಂತು. ಒಣಹುಲ್ಲಿನ ವಾಸನೆಯಲ್ಲ; ಹಾಲಿನದು, ಕೆಸರಿನದು, ಕೊಟ್ಟಿಗೆಯಲ್ಲಿ ಆಗತಾನೆ ಕರು ಹಾಕಿದಾಗಿನದು. ಆಮೇಲೆ ಕುಪ್ಪೆ ಉಸಿರಾಡಿತು. ಮೇಲೆದ್ದು ಇಳಿಯಿತು.

ಹುಲ್ಲು ಸೀಳಿಕೊಂಡು ತಲೆ ಹೊರಬಂತು. ಎಡಗಿವಿ ಎರಡು ಸೀಳು. ಬೀರಜ್ಜ ಹೇಳಿದ್ದು ಆಗ ನೆನಪಾಯಿತು: ಹೆರುವ ಹೊತ್ತಿಗೆ ಹೆಣ್ಣುಹಂದಿ ತನ್ನ ಹಿಂಡನ್ನೇ ಬಿಟ್ಟು ದೂರ ಬರುತ್ತದೆ, ಗುಳಿ ತೋಡಿ, ಬಾಯಲ್ಲೇ ಹುಲ್ಲು ಕಡಿದು ಹೊತ್ತು ತಂದು ಗೂಡು ಕಟ್ಟುತ್ತದೆ, ಹಕ್ಕಿಯ ಹಾಗೆ. ಹೇಳಿದಾಗ ಬೀರಜ್ಜ ಬುರುಡೆ ಬಿಡುತ್ತಾನೆಂದು ನಾನು ನಂಬಿರಲಿಲ್ಲ. ಹೊಳೆ ಈಜಿ ಹಿಂಡು ದಾಟಿಸಿದವಳು ಇಷ್ಟು ಕರಡವನ್ನು ಹಲ್ಲಿನಿಂದ ಒಂದೊಂದೇ ಹಿಡಿ ಕಡಿದು ತಂದಿದ್ದಳು. ಅವಳ ಹೊಟ್ಟೆಗಂಟಿ ಮರಿಗಳು. ಕಂದು ಮೈ, ತಲೆಯಿಂದ ಬಾಲದವರೆಗೆ ಮೊಗೆ ಸೌತೆಕಾಯಿಗಿದ್ದ ಹಾಗೆ ಹಳದಿ ಗೆರೆ. ಹೊದಿಕೆ ಹೋದ ಚಳಿಗೆ ಒಂದರ ಮೇಲೊಂದು ಹತ್ತಿ ಒತ್ತಿಕೊಂಡವು. ಅಂಥ ಭಯದಲ್ಲೂ ನಾನು ಎಣಿಸಿದೆ. ಏಳು.

ಹರಕಿವಿ ಎದ್ದು ನಿಂತಳು. ಕುತ್ತಿಗೆಯಿಂದ ಬೆನ್ನಿನುದ್ದಕ್ಕೂ ರೋಮ ನೆಟ್ಟಗಾಯಿತು. ದವಡೆ ಬಡಿಯತೊಡಗಿದಳು, ಕಟ ಕಟ ಕಟ, ಒಣಮರಕ್ಕೆ ಕೊಡಲಿ ತಾಗಿದ ಹಾಗೆ. ಬಾಯಿಂದ ನೊರೆ ಇಳಿಯಿತು. ಅವಳಿಗೂ ಅವ್ವಿಗೂ ನಡುವೆ ಒಂದು ಮಾರು ಸಹ ಇರಲಿಲ್ಲ. ಎಂಟು ತಿಂಗಳು ದಾಟಿದ ಹೊಟ್ಟೆ, ತೋಳಲ್ಲಿ ಹುಲ್ಲು. ಓಡಲು ಸಾಧ್ಯವೇ ಇರಲಿಲ್ಲ. ಗಾಳಿ ಗುಡ್ಡದಿಂದ ಕೆಳಗೆ, ಹಂದಿಯ ಬದಿಯಿಂದ ನಮ್ಮ ಬದಿಗೆ ಬೀಸುತ್ತಿತ್ತು. ನಾನು ಉಸಿರಿಗಿಂತ ಸಣ್ಣ ದನಿಯಲ್ಲಿ ಹೇಳಿದೆ, “ಅವ್ವಿ, ಮರ.” ಬೀರಜ್ಜನ ಪಾಠ ಅವಳೂ ಅಡುಗೆಮನೆಯಿಂದ ಕೇಳಿದವಳೇ. ನಿಂತಲ್ಲೇ ನಿಂತಳು. ಹಂದಿ ಒಮ್ಮೆ ನುಗ್ಗಿತು. ಒಂದೇ ಹೆಜ್ಜೆ, ನೆಲ ಅದುರಿತು, ಥಟ್ಟನೆ ನಿಂತಿತು. ಮೂತಿ ಎತ್ತಿ ಗಾಳಿ ಹುಡುಕಿತು. ಆ ಸಣ್ಣ ಕಣ್ಣುಗಳು ನಮ್ಮನ್ನು ನೋಡುತ್ತಿದ್ದವು, ಕಾಣುತ್ತಿರಲಿಲ್ಲ. ಹಿಂದೆ ಮರಿಯೊಂದು ಕುಂಯ್‌ಗುಟ್ಟಿತು. ಅವಳು ತಿರುಗಿದಳು, ಮೂತಿಯಿಂದ ಅದನ್ನು ಒಳಗೆ ನೂಕಿ, ಒಂದನ್ನೂ ತುಳಿಯದ ಹಾಗೆ ಮುಂಗಾಲು ಮಡಿಸಿ, ಮೆಲ್ಲಗೆ, ಬಲು ಮೆಲ್ಲಗೆ ಮಲಗಿದಳು. ಅಷ್ಟು ದೊಡ್ಡ ಮೈಯಲ್ಲಿ ಅಷ್ಟು ಎಚ್ಚರ ಇರಲು ಸಾಧ್ಯವೇ ಎಂದು ನನಗೆ ಈಗಲೂ ಆಶ್ಚರ್ಯ. ದೇವಸ್ಥಾನಗಳಲ್ಲಿ ನನಗೆ ಅಂಥ ಭಕ್ತಿ ಬಂದದ್ದು ಕಡಿಮೆ; ಆ ದಿನ ಕೈ ತಾನಾಗಿ ಕೂಡಿತು.

ಈಗ ಹಿಂದೆ ಸರಿಯಬಹುದಿತ್ತು. ಅವ್ವಿ ಸರಿಯಲಿಲ್ಲ. ಬಗ್ಗಲು ಹೊಟ್ಟೆ ಬಿಡದಾದ್ದರಿಂದ ಬೆನ್ನು ನೇರವಿಟ್ಟುಕೊಂಡು ಮೊಣಕಾಲಿನ ಮೇಲೆ ಕೂತಳು. ತೋಳಲ್ಲಿದ್ದ ಹುಲ್ಲನ್ನು ಎಸೆಯದೆ, ಗೂಡು ಬಾಯಿ ತೆರೆದಿದ್ದಲ್ಲಿ, ಮರಿಗಳ ಮೇಲೆ ಒಂದೊಂದೇ ಹಿಡಿ ಹರಡಿದಳು. ನಮ್ಮ ಅರ್ಧ ಗದ್ದೆಯ ಕಗ್ಗ ತಿಂದ ಬಾಯಿ ಒಂದು ಮೊಳದಾಚೆ ಮೂಸುತ್ತಿತ್ತು. ಹರಕಿವಿ ಗುರ್ರೆಂದಳು, ಏಳಲಿಲ್ಲ. ನಾವು ಬೆನ್ನು ತಿರುಗಿಸದೆ ಇಪ್ಪತ್ತು ಹೆಜ್ಜೆ ಇಳಿದೆವು. ಆಮೇಲೆ ಅವ್ವಿ ಒಂದು ಕಲ್ಲಿನ ಮೇಲೆ ಕೂತು ಬೆವರು ಒರೆಸಿಕೊಂಡಳು. ಕೇರಿಯವರು ಹಾಕಿದ ನಿಜವಾದ ಕುಪ್ಪೆ ಕೆಳಗೆ ಮಣ್ಣಿನ ದರೆಯ ಬುಡದಲ್ಲಿ ನಮಗಾಗಿ ಕಾದಿತ್ತು. ಕರಡವನ್ನೇ ಹುರಿಮಾಡಿ ಹೊರೆ ಕಟ್ಟಿದೆವು. ಕತ್ತಿಯೂ ಹಗ್ಗವೂ ಗೂಡಿನ ಪಕ್ಕದಲ್ಲೇ ಉಳಿದಿದ್ದವು.

“ಅಪ್ಪನ್ ಹತ್ರ ಹೇಳ್ಬೇಡ,” ಎಂದಳು ಅವ್ವಿ. “ಅದ್ಕೆ ಈಗ ಓಡೂಕೂ ಆಗುದಿಲ್ಲ. ಮರಿ ಬಿಟ್ಟು ಎಲ್ಲೂ ಹೋಗುದಿಲ್ಲ ಅದು.”

ನಾನು ಅಪ್ಪನ ಮಗಳು. ಗಿಳಿ ಮೊಟ್ಟೆಯಿಟ್ಟರೂ ಮೊದಲು ಅಪ್ಪನಿಗೇ ಹೇಳುತ್ತಿದ್ದವಳು. ಮನೆಯಲ್ಲಿ ಅಕ್ಕಿ ಮುಗಿಯುತ್ತ ಬಂದಿತ್ತು; ಸೊಸೈಟಿಯಲ್ಲಿ ಕೊಟ್ಟ ಗೋಧಿಯನ್ನು ಹೇಗೆ ಬೇಯಿಸಬೇಕೆಂದು ತಿಳಿಯದೆ ಅಜ್ಜಿ ಅದನ್ನೂ ಗಂಜಿ ಮಾಡಿದ್ದಳು, ಅಂಟಿನಂತೆ ಗಂಟಲಿಗೆ ಹತ್ತಿತ್ತು. ನನ್ನ ಒಂದು ಮಾತಿಗೆ ಉಳಿದ ಗದ್ದೆ ಉಳಿಯುತ್ತಿತ್ತು. ಅಪ್ಪ ಕೇಳಿಯೂ ಕೇಳಿದ: “ಬೇಣದ ಬದಿಗೆ ಹಂದಿ ಹೆಜ್ಜೆ ಎಂತಾರೂ ಕಂಡ್ಯಾ?” ಇಲ್ಲ ಎಂದೆ. ಅದು ನನ್ನ ಮೊದಲ ದೊಡ್ಡ ಸುಳ್ಳು, ಹೇಳಿದ ಮೇಲೆ ಅಪ್ಪನ ಮುಖ ನೋಡಲು ಆಗಲಿಲ್ಲ. ಮಾರನೆಯ ದಿನ ಅವನು ಬರಿದಾದ ಕೋರೆಯನ್ನು ನೋಡಿದ. “ಕತ್ತಿ ಎಲ್ಲೋತು?” ಅವ್ವಿ ಒಲೆ ಊದುತ್ತಲೇ, ಬೇಣದಲ್ಲಿ ಎಲ್ಲೋ ಬಿಟ್ಟೆನೇನೋ ಎಂದಳು. ಅಪ್ಪ ಅವಳನ್ನು ನೋಡಿದ, ನನ್ನನ್ನು ನೋಡಿದ.

ಅದರ ಮರುದಿನ ಬೆಳಿಗ್ಗೆ ಅಪ್ಪ ಬೆಚ್ಚಗಿಟ್ಟ ಒಣ ಮದ್ದು ತುಂಬಿ, ಕೋವಿ ಹೆಗಲಿಗಿಟ್ಟು ಬೇಣದ ಕಡೆಗೆ ಹೊರಟ. ಅವನು ಬೇಲಿಯ ದಣಪೆ ದಾಟುವುದನ್ನು ನೋಡುತ್ತ ನಿಂತಿದ್ದ ಅವ್ವಿ ಬಾಗಿಲ ಚೌಕಟ್ಟು ಹಿಡಿದು ಕುಸಿದಳು. ದಿನ ಇನ್ನೂ ಇತ್ತು, ನೋವು ಕಾಯಲಿಲ್ಲ. ಅಜ್ಜಿ ಅವಳನ್ನು ಕತ್ತಲೆಕೋಣೆಗೆ ಒಯ್ದಳು, ದೇವಕ್ಕ ಓಡಿ ಬಂದಳು, ನನ್ನನ್ನು ಹೊರಗೆ ದಬ್ಬಿ ಬಾಗಿಲು ಹಾಕಿದರು. ಜಗಲಿಯ ಕಂಬ ಅಪ್ಪಿಕೊಂಡು ಕೂತೆ. ಒಂದು ಕಿವಿ ಕೋಣೆಯ ಕಡೆ, ಒಂದು ಕಿವಿ ಬೇಣದ ಕಡೆ. ಕೋವಿಯ ಈಡು ಕೇಳಿದರೆ ಒಳಗೆ ಅಳು ಕೇಳುವುದಿಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ, ನಾನೇ ಖಚಿತಮಾಡಿಕೊಂಡಿದ್ದೆ. ಬೀರಜ್ಜ ಬಂದು ಪಕ್ಕದಲ್ಲಿ ಕೂತ. ಕವಳ ಹಾಕಲಿಲ್ಲ. ಬಿಸಿಲು ಅಂಗಳ ದಾಟಿ ಜಗಲಿಗೆ ಬಂತು, ಜಗಲಿಯಿಂದ ಇಳಿಯಿತು. ಈಡು ಕೇಳಲಿಲ್ಲ. ಅವ್ವಿಯ ನರಳಿಕೆಯೂ ನಿಂತಿತು. ನಾನು ಕಂಬವನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡೆ. ಆಮೇಲೆ ಒಳಗಿನಿಂದ ಅಳು ಎದ್ದಿತು. ಸಿಟ್ಟಿನ, ಹಟದ, ಮಾಡು ಹಾರಿಹೋಗುವಂಥ ಅಳು. ನನ್ನ ತಂಗಿ. ಈಗಲೂ ಅವಳ ದನಿ ಹಾಗೆಯೇ.

ಅಪ್ಪ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಅಳು ಕೇಳಿ ಅಂಗಳದಲ್ಲೇ ನಿಂತುಬಿಟ್ಟ. ಅಜ್ಜಿ ಹೊರಗೆ ಬಂದು ಹೆಣ್ಣು ಎಂದಳು, ಗಟ್ಟಿ ಅದೆ ಎಂದಳು. ಅವನು ತಲೆಯಾಡಿಸಿ, ಕೋವಿಯನ್ನು ಅಟ್ಟಕ್ಕೆ ಏರಿಸಿದ. ಆ ವರ್ಷ ಮತ್ತೆ ಅದು ಇಳಿಯಲಿಲ್ಲ. ಹಿಂಡು ಉಳಿದ ಗದ್ದೆಯಲ್ಲೂ ತನ್ನ ಪಾಲು ಎತ್ತಿತು. ನಾವು ಗೋಧಿ ಗಂಜಿಗೆ ಒಣಮೀನು ನಂಚಿಕೊಳ್ಳುವುದನ್ನು ಕಲಿತೆವು. ಇದೆಲ್ಲ ಆಮೇಲಿನದು. ಆ ಸಂಜೆ ಅಪ್ಪ ಕಾಲು ತೊಳೆದು ಬಂದು, ಸೊಂಟದಿಂದ ಕತ್ತಿ ತೆಗೆದು, ಸುರುಳಿ ಸುತ್ತಿದ ಹಗ್ಗದ ಸಮೇತ ಕೋರೆಗೆ ತೂಗುಹಾಕಿದ. ನಾನು ಕಂಬದ ಬುಡದಲ್ಲೇ ಇದ್ದೆ. ನೆಲ ನೋಡುತ್ತ ಬೈಗುಳಕ್ಕೆ ಕಾದೆ. ಅವನು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತ. ಅಂಗಿಯಿಂದ ಕರಡದ ಹುಲ್ಲುಕಡ್ಡಿ ಉದುರುತ್ತಿತ್ತು.

“ಎಷ್ಟು ಎಣಿಸ್ದೆ?” ಎಂದ.

“ಏಳು.”

“ಎಂಟು,” ಎಂದ ಅಪ್ಪ. “ಒಂದು ಅಡೀಲಿತ್ತು. ಸಣ್ಣದು. ಅದೂ ಹಾಲು ಕುಡೀತಾ ಇತ್ತು.”